ಬಾಯವ್ವನ ಅಕ್ಷರಗಳು

ಮಡಿವಾಳೆಪ್ಪನಿಗೆ ಸ್ವಂತ ಕಂಪ್ಯೂಟರ್ ಇರಲಿಲ್ಲ. ಹಾಗಾಗಿ ಅವನು ಸತ್ತ ದಿನ ಬೆಳಿಗ್ಗೆ, ಹೆಣ ಇನ್ನೂ ಮನೆಯ ಪಡಸಾಲೆಯಲ್ಲಿರುವಾಗಲೇ, ಅವನ ಮಗಳು ರಂಜನಾ ಬೈಲಹೊಂಗಲದ ಬಜಾರಿನಲ್ಲಿ ಪ್ರೆಸ್ಸಿನ ಶಟರ್ ಬಡಿಯುತ್ತ ನಿಂತಿದ್ದಳು.

ಶಟರಿಗೆ ಒಂದು ಹಾಳೆ ಅಂಟಿಸಿದ್ದರು. 'ನಮ್ಮ ಹಿರಿಯ ಕೆಲಸಗಾರ ಮಡಿವಾಳೆಪ್ಪನವರು ಲಿಂಗೈಕ್ಯರಾದ ಪ್ರಯುಕ್ತ ಗೌರವಾರ್ಥ ಇಂದು ಪ್ರೆಸ್ ಬಂದ್.' ಬಜಾರಿನ ರೂಢಿ ಅದು. ಅಂಗಡಿಯಲ್ಲಿ ದುಡಿಯುವವನು ಸತ್ತರೆ ಮಣ್ಣು ಮುಗಿಯುವ ತನಕ ಬಾಗಿಲು ತೆಗೆಯುವುದಿಲ್ಲ. ಆದರೆ ಒಳಗೆ ಫ್ಯಾನು ತಿರುಗುತ್ತಿತ್ತು. ಶಟರಿನ ಕೆಳಸಂದಿಯಿಂದ ಟ್ಯೂಬಿನ ಬೆಳಕು ಹೊರಗೆ ಬಿದ್ದಿತ್ತು.

ರಂಜನಾ ಮತ್ತೆ ಬಡಿದಳು. ಪಕ್ಕದ ಓಣಿಯಿಂದ ಸಂಜು ಬಂದ. ಪ್ರೆಸ್ಸಿನ ಮಾಲೀಕ ಹಣಮಂತಪ್ಪನ ಮಗ. ಎರಡು ವರ್ಷಗಳಿಂದ ವ್ಯವಹಾರವೆಲ್ಲ ಅವನದೇ. ಹಿಂದಿನ ಬಾಗಿಲಿನಿಂದ ಬಂದಿದ್ದನೆಂಬುದು ಕಾಣುತ್ತಿತ್ತು; ಚಪ್ಪಲಿ ಹಾಕಿರಲಿಲ್ಲ.

ಅವಳು ಬಂದ ಕಾರಣ ಸಾವಿನ ಪತ್ರ. ಬೆಳಿಗ್ಗೆ ಸಂಜುವೇ ಅದನ್ನು ಮಾಡಿ ಪಿಡಿಎಫ್ ರೂಪದಲ್ಲಿ ಬೀಗರು ಬಿಜ್ಜರಿಗೆಲ್ಲ ಮೊಬೈಲಿಗೆ ಕಳಿಸಿದ್ದ. ಮಡಿವಾಳೆಪ್ಪ ತಾನೇ ಬರೆದ ಅಕ್ಷರಗಳಲ್ಲಿ ಮಡಿವಾಳೆಪ್ಪನ ಸಾವಿನ ಪತ್ರ. ಒಳ್ಳೆಯ ಯೋಚನೆ ಎಂದು ರಂಜನಾಳಿಗೂ ಅನಿಸಿತ್ತು. ಅರ್ಧ ಗಂಟೆಯಲ್ಲಿ ಕಿತ್ತೂರಿನಿಂದ ಸೋದರಮಾವ ಭೀಮಶಿ ಫೋನು ಮಾಡಿದ. ಫೋಟೋ ನೋಡಿ ಎದೆ ಧಸಕ್ಕೆಂದಿತು, ಆದರೆ ಕೆಳಗೆ ಬರೀ ಚೌಕ ಚೌಕ ಬಂದಿವೆ, ಮಣ್ಣು ಎಷ್ಟು ಹೊತ್ತಿಗೆ, ಎಲ್ಲಿ, ಒಂದೂ ತಿಳಿಯುತ್ತಿಲ್ಲ ಎಂದ. ಮುನವಳ್ಳಿಯ ಮಂದಿಯೂ ಅದನ್ನೇ ಹೇಳಿದರು.

"ಸಂಜು ಅಣ್ಣಾ, ಪತ್ರದಾಗಿನ ಅಕ್ಷರ ಯಾರಿಗೂ ಕಾಣವಲ್ವು," ಎಂದಳು ರಂಜನಾ.

"ನಮ್ಮ ಕಂಪ್ಯೂಟರದಾಗ ಚಂದ ಕಾಣತಾವ. ನಿಮ್ಮ ಮಂದೀ ಮೊಬೈಲ ಹಳೇವು."

ರಂಜನಾ ಸವದತ್ತಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಾಳೆ. ಈ ಮಾತಿಗೆ ಅವಳು ಸುಮ್ಮನಿರುವುದು ಸಾಧ್ಯವಿರಲಿಲ್ಲ. ಇದೇ ಪ್ರೆಸ್ಸಿನಿಂದ ಇದೇ ಅಕ್ಷರಗಳ ಮದುವೆ ಕಾರ್ಡುಗಳು ಮೂರು ವರ್ಷದಿಂದ ಎಂಥ ಹಳೆಯ ಮೊಬೈಲಿನಲ್ಲೂ ಸರಿಯಾಗಿ ತೆರೆದುಕೊಂಡಿದ್ದವು. ಪಿಡಿಎಫ್ ಮಾಡಿದಾಗ ಅದರಲ್ಲಿ ಬಳಸಿದ ಅಕ್ಷರಗಳ ಆಕಾರಗಳೂ ಅದರೊಳಗೇ ಕೂತು ಹೋಗುತ್ತವೆ. ನೋಡುವವನ ಬಳಿ ಆ ಫಾಂಟ್ ಇರಬೇಕಾಗಿಲ್ಲ. ಯಾವ ಕಾಗದದೊಳಗೂ ಕೂರಕೂಡದು ಎಂದು ಫಾಂಟಿಗೇ ಕೀಲಿ ಹಾಕಿದರೆ ಮಾತ್ರ ಹೀಗಾಗುತ್ತದೆ. ಮಡಿವಾಳೆಪ್ಪ ಕೀಲಿ ಹಾಕಿರಲಿಲ್ಲ.

"ಕೀಲಿ ಯಾರು ಹಾಕ್ಯಾರ?"

ಸಂಜು ಬಜಾರಿನ ಆ ಕಡೆ ಈ ಕಡೆ ನೋಡಿದ. ಆಮೇಲೆ ಹೇಳಿದ. ಮಡಿವಾಳೆಪ್ಪ ದವಾಖಾನೆಯಲ್ಲಿದ್ದಾಗ ಹುಬ್ಬಳ್ಳಿಯ ಒಂದು ಕಂಪನಿಯವರು ಬಂದಿದ್ದರಂತೆ. ಅಕ್ಷರಗಳನ್ನು ಅವರು ಕೊಂಡಿದ್ದಾರಂತೆ. ಪುಕ್ಕಟೆ ಪಿಡಿಎಫ್‌ಗಳಲ್ಲಿ ಕೂತು ಊರೂರು ತಿರುಗಿದರೆ ಯಾರು ಕೊಳ್ಳುತ್ತಾರೆ ಎಂದು ಅವರೇ ಕೀಲಿ ಹಾಕಿಸಿದರಂತೆ. ಹೆಸರನ್ನೂ ಬದಲಿಸಿದ್ದಾರೆ. ಬಾಯವ್ವ ಎಂದಿದ್ದದ್ದು ಈಗ 'ಸಂಜು ಒಂದು'.

"ಅವು ನಮ್ಮಪ್ಪನ ಅಕ್ಷರ."

"ಕಂಪ್ಯೂಟರ ಯಾರದು? ಕರೆಂಟ ಯಾರದು? ಪಗಾರ ಯಾರು ಕೊಟ್ರು?" ಎಂದ ಸಂಜು. ದನಿ ಏರಿಸಲಿಲ್ಲ. "ಹೋಗ ರಂಜನಾ. ಪತ್ರ ಫೋಟೋ ಮಾಡಿ ಮತ್ತ ಕಳಸ್ತೇನಿ. ಹೆಣಾ ಮನ್ಯಾಗ ಬಿಟ್ಟು ಬಜಾರದಾಗ ನಿಂದ್ರಬ್ಯಾಡ, ಮಂದಿ ನೋಡಾಕತ್ತಾರ."

ಬಾಗಿಲು ತೆಗಿ, ಅಪ್ಪನ ಫೈಲುಗಳನ್ನು ತೆಗೆದುಕೊಳ್ಳುತ್ತೇನೆ ಎಂದು ಅವಳು ಹೇಳಿದಳು. ಅವನು ಶಟರಿನ ಮೇಲಿದ್ದ ಹಾಳೆಯನ್ನು ತೋರಿಸಿದ.

"ಇವತ್ತ ತಗಿಯಾಂಗಿಲ್ಲ. ನಿಮ್ಮಪ್ಪಗ ಗೌರವ ಅದು."

*

ಮಡಿವಾಳೆಪ್ಪ ಮೊದಲು ಪೇಂಟರ್ ಆಗಿದ್ದ. ಟ್ರ್ಯಾಕ್ಟರ್ ಟ್ರಾಲಿಗಳ ಹಿಂದೆ ಹೆಸರು, ಜಿನ್ನಿಂಗ್ ಫ್ಯಾಕ್ಟರಿಯ ಗೋಡೆ, ಸಂಪಗಾಂವದ ಡೇರಿಯ ಬೋರ್ಡು ಬರೆಯುತ್ತಿದ್ದ. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷಿಗೆ ಕೆಲಸ ಉಳಿಯಲಿಲ್ಲ. ಹಣಮಂತಪ್ಪ ಕರೆದು ಪ್ರೆಸ್ಸಿನಲ್ಲಿ ಕೂರಿಸಿದ. ನಲವತ್ತು ದಾಟಿದ ಮೇಲೆ ಮಡಿವಾಳೆಪ್ಪ ಮೌಸ್ ಹಿಡಿಯಲು ಕಲಿತ. ಒಳ್ಳೆಯ ಮನುಷ್ಯನೇನೂ ಅಲ್ಲ. ಸಿಟ್ಟಿನವನು, ಹಟದವನು. ಹೆಂಡತಿ ಸಾವಿತ್ರೆವ್ವ ಒಮ್ಮೆ ಅವನ ಬ್ರಷ್ಷುಗಳನ್ನು ಬಿಸಿನೀರಿನಲ್ಲಿ ತೊಳೆದದ್ದಕ್ಕೆ ಒಂದು ದೀಪಾವಳಿ ಪೂರ್ತಿ ಅವಳೊಡನೆ ಮಾತಾಡಿರಲಿಲ್ಲ.

ಪ್ರೆಸ್ಸಿನಲ್ಲಿ ಎಲ್ಲರ ಹಾಗೆ ಕದ್ದ ಫಾಂಟುಗಳನ್ನೇ ಬಳಸುತ್ತಿದ್ದರು. ಒಂದು ದಿನ ಅವುಗಳ ಮಾಲೀಕರಿಂದ ನೋಟೀಸು ಬಂತು. ಹಣಮಂತಪ್ಪ ಹೆದರಿ ಎರಡು ದಿನ ಊಟ ಬಿಟ್ಟ. ಆಗ ಮಡಿವಾಳೆಪ್ಪ, ಇನ್ನೊಬ್ಬರ ಅಕ್ಷರ ಯಾಕೆ ಬೇಕು, ನನ್ನವೇ ಇವೆಯಲ್ಲ ಎಂದ. ಹಾಳೆಯ ಮೇಲೆ ಬ್ರಷ್ಷಿನಲ್ಲಿ ಒಂದೊಂದೇ ಅಕ್ಷರ ಬರೆದ. ಕಂಪ್ಯೂಟರಿಗೆ ಏರಿಸಿದ ಮೇಲೆ ಆ ಹಾಳೆಗಳನ್ನು ಹರಿದು ಹಾಕುತ್ತಿದ್ದ. ರಂಜನಾ ರವಿವಾರಗಳಂದು ಸವದತ್ತಿಯಿಂದ ಬಂದು ಅವನ ಪಕ್ಕ ಕೂತು, ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರಿನಲ್ಲಿ ಅವನ್ನು ಫಾಂಟಾಗಿ ಕಟ್ಟುವುದನ್ನು ಹೇಳಿಕೊಟ್ಟಳು. ರವಿವಾರ ಪ್ರೆಸ್ಸಿಗೆ ರಜೆ. ಆ ದಿನದ ಪಗಾರವನ್ನು ಹಣಮಂತಪ್ಪ ಎಂದೂ ಕೊಟ್ಟಿರಲಿಲ್ಲ, ಮಡಿವಾಳೆಪ್ಪ ಎಂದೂ ಕೇಳಿರಲಿಲ್ಲ.

ಹೆಸರೇನಿಡುವುದು ಎಂದಾಗ ಅವನು ತನ್ನ ತಾಯಿಯ ಹೆಸರು ಹೇಳಿದ.

"ಬಾಯವ್ವ ಅಂತ ಇಡು. ಆಕಿಗೆ ಓದಾಕ ಬರ್ತಿರಲಿಲ್ಲ, ಬೈಯಾಕ ಭಾಳ ಚಲೋ ಬರ್ತಿತ್ತು."

*

ರಂಜನಾ ಮನೆಗೆ ಬಂದಾಗ ಹೆಣಕ್ಕೆ ಸ್ನಾನ ಮಾಡಿಸಿ, ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂರಿಸಿದ್ದರು. ಗದ್ದ ಜಾರದಂತೆ ಬಿಳಿ ಪಟ್ಟಿ ಕಟ್ಟಿದ್ದರು. ಬದುಕಿದ್ದಾಗ ಒಂದು ಗಳಿಗೆ ಸುಮ್ಮನೆ ಕೂರದ ಮನುಷ್ಯ ಯಾರದೋ ಮಾತು ಕೇಳುವವನಂತೆ ಕೂತಿದ್ದ. ಅಂಗಳದಲ್ಲಿ ಭಜನೆಯವರು ತಾಳ ಹಾಕುತ್ತಿದ್ದರು. ಭೀಮಶಿ ಮಗಳು ರಾಣಿಯನ್ನು ಕರೆದುಕೊಂಡು ಕಿತ್ತೂರಿನಿಂದ ಬಂದು ಮುಟ್ಟಿದ್ದ. ಮುನವಳ್ಳಿಯವರು ಇನ್ನೂ ದಾರಿಯಲ್ಲಿದ್ದರು.

ನೆರೆಮನೆಯ ಕೆಂಚವ್ವ ಸಾವಿತ್ರೆವ್ವನ ಪಕ್ಕ ಕೂತು ಸತ್ತವನ ಸಿಟ್ಟಿನ ಕತೆ ಹೇಳುತ್ತಿದ್ದಳು. ತನ್ನ ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳದ ಕಾರ್ಡಿಗೆ ಅಕ್ಷರದ ಮೇಲೆ ಹೂ ಹಾಕು ಎಂದದ್ದಕ್ಕೆ, ಹೂವು ಬೇಕಾದರೆ ಸಂತೆಗೆ ಹೋಗು ಎಂದು ಎಬ್ಬಿಸಿ ಕಳಿಸಿದ್ದನಂತೆ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಸಾವಿತ್ರೆವ್ವನೂ ನಕ್ಕಳು, ಆಮೇಲೆ ಅತ್ತಳು.

ರಂಜನಾ ಮಾವನನ್ನು ಹಿತ್ತಲಿಗೆ ಕರೆದು ನಡೆದದ್ದನ್ನು ಹೇಳಿದಳು. ಭೀಮಶಿಗೆ ಸಿಟ್ಟು ಬಂತು, ಆದರೆ ಅರ್ಥ ಪೂರ್ತಿ ಆಗಲಿಲ್ಲ. ಠಾಣೆಗೆ ಹೋಗೋಣ ಎಂದ. ಮರುಕ್ಷಣ ತಾನೇ ತಲೆ ಕೊಡವಿದ.

"ಹೋಗಿ ಏನಂತ ಬರಸೂನವ್ವ? ಅಕ್ಷರ ಕಳುವಾಗ್ಯಾವ ಅಂತ? ಕ ದಿಂದ ಳ ತನಕ ಒಯ್ದಾರಂತ? ಪೊಲೀಸರು ನಗತಾರ."

"ನಗಲಿ ಮಾಮಾ. ನನಗ ಆ ಕಂಪ್ಯೂಟರದಾಗಿನ ಮೂಲ ಫೈಲ ಬೇಕು. ಮತ್ತೆಲ್ಲೂ ಇಲ್ಲ ಅದು. ಇವತ್ತ ಸಿಗಲಿಲ್ಲಂದ್ರ ನಾಳೆ ಅದನ್ನ ಅಲ್ಲಿ ಉಳಸೂದಿಲ್ಲ ಅವ."

ಮತ್ತೆಲ್ಲೂ ಯಾಕಿಲ್ಲ ಎಂದು ಭೀಮಶಿ ಕೇಳಿದ. ರಂಜನಾ ಪಡಸಾಲೆಯ ಕಡೆ ನೋಡಿದಳು. ಗೋಡೆಗೆ ಆನಿಕೊಂಡು ಕೂತವನ ಮೇಲೂ ಅವಳಿಗೆ ಸಿಟ್ಟಿತ್ತು.

*

ಬೋರ್ಡು ಬರೆಯುವಾಗ ಮಡಿವಾಳೆಪ್ಪ ಅದಕ್ಕೆ ಗೋಣಿ ತಟ್ಟು ಇಳಿಬಿಟ್ಟು, ಅದರ ಹಿಂದೆ ನಿಂತು ಬರೆಯುತ್ತಿದ್ದ. ಕೊನೆಯ ಗೀರು ಮುಗಿಯುವ ತನಕ ಅಂಗಡಿಯ ಮಾಲೀಕನಿಗೂ ತೋರಿಸುತ್ತಿರಲಿಲ್ಲ. ಆ ಕಾಲದ ಪೇಂಟರುಗಳೆಲ್ಲ ಹಾಗೆಯೇ. ಅರ್ಧ ಬರೆದದ್ದನ್ನು ನೋಡಿದವನು ಅರ್ಧ ಬೈದೇ ಹೋಗುತ್ತಾನೆ ಎಂಬ ಹೆದರಿಕೆ. ಗೋಣಿ ಹೋಯಿತು, ಆ ಚಟ ಹೋಗಲಿಲ್ಲ.

ಫಾಂಟನ್ನು ಮುಕ್ತ ಪರವಾನಗಿಯಲ್ಲಿ ಬಿಡೋಣ ಎಂದು ರಂಜನಾ ಹೇಳಿದ್ದು ಎರಡು ವರ್ಷದ ಹಿಂದೆ. ಅವನು ಸುಲಭಕ್ಕೆ ಒಪ್ಪುವವನಲ್ಲ. ಒಂದೊಂದೇ ಕರಾರು ಕೇಳಿದ.

"ಯಾರರ ತಗೋಬಹುದೇನು?"

"ಯಾರರ ತಗೋಬಹುದು. ಬಳಸಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು."

"ಮಾರಕೊಂಡ್ರ?"

"ಅಕ್ಷರ ಅಷ್ಟ ಮಾರಂಗಿಲ್ಲ. ತಿದ್ದಿದ್ರ ಬಾಯವ್ವ ಅನ್ನೋ ಹೆಸರು ಇಡಂಗಿಲ್ಲ. ತಿದ್ದಿದ್ದನ್ನೂ ಹಿಂಗ ಪುಕ್ಕಟೆ ಬಿಡಬೇಕು, ಕೀಲಿ ಹಾಕಂಗಿಲ್ಲ."

ಹಾಗಾದರೆ ಈ ಅಕ್ಷರದಲ್ಲಿ ಮದುವೆ ಕಾರ್ಡು ಮಾಡಿಸಿದವನ ಕಾರ್ಡೂ ಪುಕ್ಕಟೆ ಆಗಬೇಕೇ ಎಂದು ಕೇಳಿದ. ಇಲ್ಲ, ಕಾಗದದೊಳಗೆ ಅಕ್ಷರ ಕೂತು ಹೋದರೆ ಆ ಕಾಗದಕ್ಕೆ ಈ ಕರಾರು ತಾಗುವುದಿಲ್ಲ, ಕಾರ್ಡು ಕಾರ್ಡಿನವರದೇ ಎಂದಳು. ಅದೊಂದು ಮಾತು ಅವನಿಗೆ ತುಂಬ ಹಿಡಿಸಿತು. ಬೋರ್ಡು ಅಂಗಡಿಯವನದು, ಕೈ ಪೇಂಟರನದು, ಸರಿಯಾಗಿದೆ ಎಂದ. ಆ ಕರಾರನ್ನು ಫಾಂಟಿನೊಳಗೆ ಬರೆಸಿದ. ತನ್ನ ಹೆಸರಿನ ಮುಂದೆ ಬೈಲಹೊಂಗಲ ಎಂದು ಸೇರಿಸಲು ಹೇಳಿದ.

ಆದರೆ ಬಿಡಲಿಲ್ಲ. ಒಂದು ಒತ್ತು ಸೊಟ್ಟಗಿದೆ, ಇನ್ನೊಂದು ದಪ್ಪಗಿದೆ, ಮುಂದಿನ ಅಮಾವಾಸ್ಯೆಗೆ ಬಿಡೋಣ, ಯುಗಾದಿಗೆ ಬಿಡೋಣ. ನನಗೊಂದು ಪ್ರತಿ ಕೊಡು ಎಂದು ಕೇಳಿದರೆ, ಪೂರಾ ಆಗುವ ತನಕ ಪ್ರೆಸ್ಸಿನ ಬಾಗಿಲು ದಾಟಬಾರದು ಎಂದ. ಅಷ್ಟೊತ್ತಿಗೆ ಊರಿನ ಅರ್ಧ ಕಾರ್ಡುಗಳು ಅದೇ ಅಕ್ಷರದಲ್ಲಿ ಹೋಗುತ್ತಿದ್ದವಲ್ಲ ಎಂದರೆ, ಕಾರ್ಡು ಪೂರಾ ಆದ ಸಾಮಾನು ಎಂದ.

ರಂಜನಾ ಜಗಳಾಡಿದಳು. ಅವನು ಎದ್ದು ಚಹಾ ಕುಡಿಯಲು ಹೋದ.

*

ಹನ್ನೊಂದರ ಸುಮಾರಿಗೆ ಹಣಮಂತಪ್ಪ ಬಂದ. ಎಪ್ಪತ್ತೈದು ದಾಟಿದವನು, ಕೋಲು ಊರಿಕೊಂಡು ಬಂದು ಹೆಣದ ಮುಂದೆ ಕೂತು ಗಟ್ಟಿಯಾಗಿ ಅತ್ತ. ಅದು ನಾಟಕವಾಗಿರಲಿಲ್ಲ. ಹಿಂದೆ ಸಂಜು ದೊಡ್ಡ ಹಾರ ಹಿಡಿದಿದ್ದ. ಹಾರಕ್ಕೆ ಕೆಂಪು ಪಟ್ಟಿ ಕಟ್ಟಿ ಅದರ ಮೇಲೆ ಪ್ರೆಸ್ಸಿನ ಹೆಸರು ಮುದ್ರಿಸಿದ್ದರು. ಮಡಿವಾಳೆಪ್ಪನ ಅಕ್ಷರದಲ್ಲೇ. ಸಂಜು ಬಗ್ಗಿ ಹಾರ ಹಾಕಿ, ಪಟ್ಟಿ ಕಾಣುವಂತೆ ಸರಿಮಾಡಿದ.

ರಂಜನಾ ಎದ್ದು ಆ ಪಟ್ಟಿಯನ್ನು ಕಿತ್ತಳು.

ಭಜನೆಯವರ ತಾಳ ತಪ್ಪಿತು. ಸಾವಿತ್ರೆವ್ವ ಮಗಳ ಕೈ ಹಿಡಿದಳು. ಮಂತ್ರ ಹೇಳಲು ಬಂದಿದ್ದ ಅಯ್ಯನವರು, ಹೆಣದ ಮುಂದೆ ಇದೆಲ್ಲ ಬೇಡ ತಂಗಿ ಎಂದು ಮೆಲ್ಲಗೆ ಹೇಳಿದರು. ಮಣ್ಣಾದ ಮೇಲೆ ನಾಲ್ಕು ಮಂದಿ ಕೂತು ಮಾತಾಡಿದರಾಯಿತು ಎಂದು ಇನ್ಯಾರೋ ಅಂದರು.

"ಮಣ್ಣಾಗೂತನಕ ಆ ಕಂಪ್ಯೂಟರ ಖಾಲಿ ಆಗಿರತೈತ್ರಿ," ಎಂದಳು ರಂಜನಾ. ಹಣಮಂತಪ್ಪನ ಕಡೆ ತಿರುಗಿದಳು. "ಸಾವಕಾರ್ರ, ನಿಮ್ಮ ಮಗಾ ನಮ್ಮಪ್ಪನ ಅಕ್ಷರ ಹುಬ್ಬಳ್ಳಿಯವರಿಗೆ ಮಾರ್‍ಯಾನ. ಅಪ್ಪ ದವಾಖಾನಿ ಹಾಸಿಗಿ ಮ್ಯಾಲೆ ಇದ್ದಾಗ. ನಮ್ಮಜ್ಜಿ ಹೆಸರ ಅಳಿಸಿ ತನ್ನ ಹೆಸರ ಇಟ್ಟಾನ."

ಹಣಮಂತಪ್ಪ ಮಗನನ್ನು ನೋಡಿದ. ಅದು ವ್ಯವಹಾರದ ಮಾತು, ಇಲ್ಲಿ ಬೇಡ ಎಂದ ಸಂಜು. ಹಣಮಂತಪ್ಪನಿಗೆ ಫಾಂಟೆಂದರೇನೆಂದು ಇವತ್ತಿಗೂ ಸರಿಯಾಗಿ ತಿಳಿಯದು. ಅಕ್ಷರವನ್ನು ಮಾರುವುದು ಹೇಗೆ, ಅದು ಹೋಗುವುದೆಲ್ಲಿಗೆ? ಅವನಿಗೆ ತಿಳಿದದ್ದು ಬಜಾರಿನ ಇನ್ನೊಂದು ರೂಢಿ. ಟೇಲರ್ ಸತ್ತರೆ ಅವನ ಕತ್ತರಿ ಅವನ ಮನೆಗೆ ಹೋಗುತ್ತದೆ. ಬಡಿಗ ಸತ್ತರೆ ಉಳಿ, ಬಾಚಿ. ಅಂಗಡಿಯವನು ಕೊಡಿಸಿದ್ದಾದರೂ ಇಟ್ಟುಕೊಳ್ಳುವುದಿಲ್ಲ. ಸತ್ತವನ ಕೈ ಕೂತ ಸಾಮಾನು ಅಂಗಡಿಗೆ ಆಗಿಬರುವುದಿಲ್ಲ.

"ಮಡಿವಾಳೆಪ್ಪನ ಹತ್ಯಾರ ಅವನ ಮನಿಗೇ ಬರಬೇಕು," ಎಂದ ಹಣಮಂತಪ್ಪ, ಎಲ್ಲರಿಗೂ ಕೇಳುವಂತೆ. "ಸಂಜು, ಅವ ಕುಂದರತಿದ್ದ ಕಂಪ್ಯೂಟರ ಇವತ್ತ ಇಲ್ಲಿ ತಂದು ಇಡಬೇಕು ನೀ."

"ಆತಪ್ಪಾ," ಎಂದ ಸಂಜು. ತಡಮಾಡಲಿಲ್ಲ, ವಾದಿಸಲಿಲ್ಲ.

ಮಂದಿಗೆ ಸಮಾಧಾನವಾಯಿತು. ಸಾವಕಾರ್ರು ದೊಡ್ಡ ಮನುಷ್ಯರು ಎಂದರು. ಅವನು ಅಷ್ಟು ಬೇಗ ಒಪ್ಪಿದ್ದು ರಂಜನಾಳಿಗೆ ಮಾತ್ರ ಹೆದರಿಕೆ ತಂದಿತು. ಈಗಲೇ ನಾನೂ ಬರುತ್ತೇನೆ, ನನ್ನ ಕಣ್ಣೆದುರೇ ಎತ್ತಿಕೊಡಿ ಎಂದಳು. ಅಷ್ಟರಲ್ಲಿ ಹೆಣ ಕೂರಿಸಿ ಒಯ್ಯುವ ಹೂವಿನ ವಿಮಾನ ಅಂಗಳಕ್ಕೆ ಬಂತು. ಅವಳು ಒಬ್ಬಳೇ ಮಗಳು. ಮೊದಲ ಹಿಡಿ ಮಣ್ಣು ಅವಳೇ ಹಾಕಬೇಕು.

"ನಿಮ್ಮಪ್ಪ ಮುಖ್ಯನ, ಡಬ್ಬಿ ಮುಖ್ಯನ?" ಎಂದಳು ಕೆಂಚವ್ವ. ಕೇಡಿನಿಂದ ಕೇಳಿದ ಮಾತಲ್ಲ.

ರಂಜನಾಳ ಬಾಯಿಗೆ ಬಂದ ಉತ್ತರವನ್ನು ಆ ಅಂಗಳದಲ್ಲಿ ಹೇಳುವಂತಿರಲಿಲ್ಲ. ಸಾವಿತ್ರೆವ್ವ ಹಿಡಿದ ಕೈ ಬಿಟ್ಟಿರಲಿಲ್ಲ. ಅವಳು ವಿಮಾನದ ಹಿಂದೆ ನಡೆದಳು.

ಬಜಾರಿನಲ್ಲಿ ಮೆರವಣಿಗೆ ಪ್ರೆಸ್ಸಿನ ಮುಂದೆ ಒಂದು ಗಳಿಗೆ ನಿಂತಿತು. ಸಂಜು ಅಲ್ಲಿಯ ತನಕ ಹೆಗಲು ಕೊಟ್ಟಿದ್ದ. ಅಲ್ಲಿ ಇನ್ನೊಬ್ಬನಿಗೆ ಹೆಗಲು ಬದಲಿಸಿ, ಕೈಮುಗಿದು, ಪಕ್ಕದ ಓಣಿಗೆ ಇಳಿದ. ರಂಜನಾ ಅದನ್ನು ನೋಡಿದಳು. ನೋಡುತ್ತಲೇ ಮುಂದೆ ನಡೆದಳು, ಯಾಕೆಂದರೆ ಹಿಂದಿನಿಂದ ಮಂದಿ ತಳ್ಳುತ್ತಿದ್ದರು.

ರುದ್ರಭೂಮಿಯಲ್ಲಿ ಕುಣಿಯೊಳಗೆ ಮಡಿವಾಳೆಪ್ಪನನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ, ಬಿಲ್ವಪತ್ರೆ ತುಂಬಿದರು. ಅಯ್ಯನವರ ಮಂತ್ರ ಮುಗಿಯುವ ತನಕ ರಂಜನಾ ಮುಷ್ಟಿಯಲ್ಲಿ ಮಣ್ಣು ಹಿಡಿದು ನಿಂತಿದ್ದಳು. ಹಾಕು ಎಂದಾಗ ಹಾಕಿದಳು. ಅಳು ಬರಲಿಲ್ಲ. ಎರಡು ವರ್ಷದ ಹಿಂದೆ ಒಂದು ಪ್ರತಿ ಕೊಟ್ಟಿದ್ದರೆ ಇವತ್ತು ನಿನ್ನ ಮುಂದೆ ನೆಟ್ಟಗೆ ನಿಲ್ಲುತ್ತಿದ್ದೆ ಎಂದು ಅನಿಸಿತು. ಹೇಳಲು ಅವನಿಗೆ ಕಿವಿ ಇರಲಿಲ್ಲ. ಇದ್ದಾಗಲೂ ಕೇಳಿದವನಲ್ಲ.

*

ಕಾಲು ತೊಳೆದು ಒಳಗೆ ಬರುವಾಗ ಕಂಪ್ಯೂಟರ್ ಕಟ್ಟೆಯ ಮೇಲೆ ಕೂತಿತ್ತು. ಹಣಮಂತಪ್ಪ ಹೇಳಿ ಕಳಿಸಿದ್ದನೆಂದು ಕಾಣುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಡಬ್ಬಿಯ ಮೇಲೆ ಮೂರು ಬೆರಳು ವಿಭೂತಿ ಎಳೆದಿದ್ದರು. ಸಂಜು ಪಕ್ಕದಲ್ಲಿ ನಿಂತಿದ್ದ. ಮುನವಳ್ಳಿಯವರು ಅದೇ ಆಗ ಬಂದು, ಮಣ್ಣಿಗೆ ತಪ್ಪಿದೆವಲ್ಲ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಎರಡನೆಯ ಪತ್ರ ಅವರಿಗೆ ಬಸ್ಸಿನಲ್ಲಿದ್ದಾಗ ಸಿಕ್ಕಿತ್ತು.

ರಂಜನಾ ಯಾರನ್ನೂ ಮಾತಾಡಿಸದೆ ವೈರು ಸಿಕ್ಕಿಸಿ ಕಂಪ್ಯೂಟರ್ ಹಚ್ಚಿದಳು. ಬಂದದ್ದು ಹೊಸ ಪರದೆ. ಅಂಗಡಿಯಿಂದ ಈಗ ತಂದದ್ದರಂತೆ, ಒಂದು ಫೈಲೂ ಇಲ್ಲದೆ, ನಿಮ್ಮ ಹೆಸರೇನೆಂದು ಕೇಳುತ್ತಿತ್ತು. ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿದಳು. ಎಲ್ಲ ಭಾಗಗಳ ಮೇಲೂ ಧೂಳು ಇತ್ತು. ಹಾರ್ಡ್ ಡಿಸ್ಕ್ ಮಾತ್ರ ಮಿರಿಮಿರಿ ಹೊಳೆಯುತ್ತಿತ್ತು.

"ಹಳೇ ಡಿಸ್ಕ ಎಲ್ಲಿ?"

"ಕೆಟ್ಟಿತ್ತದು. ಒಗದ್ವಿ. ನಿಮಗಂತ ಹೊಸಾದ ಹಾಕ್ಸೇನಿ."

"ಎಲ್ಲಿ ಒಗದಿ?"

ಸಂಜು ಕಟ್ಟೆಯ ತುದಿಗೆ ಕೂತಿದ್ದ ಅಪ್ಪನ ಕಡೆ ನೋಡಿದ. ಅಪ್ಪ ಹೇಳಿದ ಹಾಗೆ ಸಾಮಾನು ತಂದಿದ್ದೇನೆ, ಗಿರಾಕಿಗಳ ಕಾಗದಪತ್ರ ಇದ್ದ ಡಿಸ್ಕನ್ನು ಹಾಗೇ ಕೊಡಲು ಬರುವುದಿಲ್ಲ, ಹೊಸದನ್ನು ಕೈಯಿಂದ ಹಾಕಿಸಿದರೂ ಇವರಿಗೆ ಉಪಕಾರವಿಲ್ಲ ಎಂದ. ಹುಬ್ಬಳ್ಳಿಯವರೊಡನೆ ಕಾಗದ ಆಗಿದೆ, ಇನ್ನು ಯಾರಾದರೂ ಆ ಅಕ್ಷರ ಮುಟ್ಟಿದರೆ ಕೇಸಾಗುತ್ತದೆ, ತಾನೂ ತಪ್ಪಿಸಲಾರೆ ಎಂದೂ ಸೇರಿಸಿದ.

ಸಾವಿತ್ರೆವ್ವ ಕುಂಕುಮವಿಲ್ಲದ ಹಣೆಯಲ್ಲಿ ಒಳಗಿನಿಂದ ಬಂದಳು. ಬೆಳಿಗ್ಗೆಯಿಂದ ಅವಳು ಜೋರಾಗಿ ಒಂದು ಮಾತೂ ಆಡಿರಲಿಲ್ಲ.

"ಸಂಜು, ಹೆಗಲ ಕೊಟ್ಟು ಅರ್ಧಕ್ಕ ಬಿಟ್ಟು ಹೋದ್ಯಲ್ಲ, ಇದ ಮಾಡಾಕ ಹೋದಿ?"

ಅವನು ಬೈಕ್ ಹತ್ತಿ ಹೋದ. ಹಣಮಂತಪ್ಪ ಕಟ್ಟೆಯ ಮೇಲೆ ಕೂತೇ ಉಳಿದ. ನೀವಾದರೂ ಹೋಗಿ ತರಿಸಿ ಎಂದು ಭೀಮಶಿ ಅವನಿಗೆ ಹೇಳಿದ. ಕೀಲಿಕೈ ಅವನ ಹತ್ತಿರ ಇದೆ, ಸಹಿಯೂ ಅವನದೇ, ನನ್ನ ಕೈಯಲ್ಲಿ ಏನಿಲ್ಲ ಎಂದ ಹಣಮಂತಪ್ಪ. ಆಗಿದ್ದು ಆಗಿ ಹೋಯಿತು ಎಂದ. ರಂಜನಾಳಿಗೆ ಸಂಜುವಿಗಿಂತ ಈ ಮುದುಕನನ್ನು ಹೊಡೆಯಬೇಕೆನಿಸಿತು.

ಹೊಡೆಯಲಿಲ್ಲ. ತನ್ನ ಮೊಬೈಲ್ ತೆಗೆದು ಹೋದ ವರ್ಷದ ಒಂದು ಗೃಹಪ್ರವೇಶದ ಕಾರ್ಡು ತೆರೆದಳು. ಪಿಡಿಎಫ್ ಸರಿಯಾಗಿ ತೆರೆಯಿತು. ಕೀಲಿ ಬೀಳುವ ಮೊದಲಿನ ಕಾರ್ಡು. ಅದರ ವಿವರದಲ್ಲಿ ಫಾಂಟಿನ ಹೆಸರು ಈಗಲೂ ಬಾಯವ್ವ ಎಂದೇ ಇತ್ತು.

ಅವಳು ಅಂಗಳದ ಮಂದಿಗೆ ಹೇಳಿದಳು: ಅಪ್ಪ ಮಾಡಿದ ಕಾರ್ಡು ಯಾವುದಿದ್ದರೂ ನನಗೆ ಕಳಿಸಿ. ಮದುವೆ, ಜಾವಳ, ಸಾವು, ಯಾವುದಾದರೂ ಸರಿ. ಫೋಟೋ ಬೇಡ, ಪಿಡಿಎಫ್. ಒಂದೊಂದು ಕಾರ್ಡಿನಲ್ಲೂ ಅದರಲ್ಲಿ ಬಳಸಿದ ಅಕ್ಷರಗಳಷ್ಟೇ ಕೂತಿರುತ್ತವೆ. ಮದುವೆಯ ಗಂಡಿನ ಹೆಸರಿನಲ್ಲಿ ಇಲ್ಲದ ಅಕ್ಷರ, ಊರಿನ ಹೆಸರಿನಲ್ಲಿ ಇಲ್ಲದ ಒತ್ತು ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಎಲ್ಲವೂ ಬೇಕು.

ಹೆಣ ಎತ್ತಿದ ಮನೆಯಲ್ಲಿ ಮಂದಿ ಮೊಬೈಲ್ ತೆಗೆದು ಕೂತರು. ಕೆಂಚವ್ವ ಹೂವಿಲ್ಲದ ಜಾವಳದ ಕಾರ್ಡನ್ನು ಹುಡುಕಿಸಿದಳು. ಭಜನೆಯವರಲ್ಲೊಬ್ಬ ಮಠದ ಪುರಾಣದ ಕರಪತ್ರ ಕಳಿಸಿದ. ಅದರಲ್ಲಿ ಠ ಸಿಕ್ಕಿತು. ಢ ಎಲ್ಲೂ ಸಿಗಲಿಲ್ಲ. ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲ. ಆದರೆ ಸಾಯುತ್ತಾರೆ. ಮುನವಳ್ಳಿಯವರ ಅಜ್ಜನ ಸಾವಿನ ಪತ್ರದಲ್ಲಿ ಆಷಾಢ ಇತ್ತು.

ಭೀಮಶಿ ಮೊಬೈಲ್ ಹಿಡಿದು ಸುಮ್ಮನೆ ಕೂತಿದ್ದ. ಅವನಲ್ಲಿದ್ದದ್ದು ರಾಣಿಯ ಮದುವೆ ಕಾರ್ಡು. ಮದುವೆಯಾದ ನಾಲ್ಕನೆಯ ತಿಂಗಳಿಗೆ ರಾಣಿ ಗಂಡನ ಹೊಡೆತ ತಾಳದೆ ತವರಿಗೆ ಬಂದಿದ್ದಳು. ಗಂಡನ ಹೆಸರು ಋತುರಾಜ. ಆ ಹೆಸರನ್ನು ಅವರ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ರಾಣಿ ಅಪ್ಪನ ಕೈಯಿಂದ ಮೊಬೈಲ್ ತೆಗೆದುಕೊಂಡು ತಾನೇ ಕಳಿಸಿದಳು.

"ಅವನಿಂದ ಒಂದ ಅಕ್ಷರದ ಉಪಯೋಗರ ಆಗಲಿ," ಎಂದಳು.

ಊರು ಸೇರಬೇಕಾದವರು ಎದ್ದು ಹೊರಟರು. ಕೊನೆಗೆ ಹಣಮಂತಪ್ಪ ಕೋಲೂರಿ ಎದ್ದ. ರಂಜನಾಳ ಮುಂದೆ ಬಂದು ತನ್ನ ಮೊಬೈಲ್ ಚಾಚಿದ. ಅವನಿಗೆ ಕಳಿಸಲು ಬರುತ್ತಿರಲಿಲ್ಲ.

"ಸಂಜೂನ ಲಗ್ನದ ಕಾರ್ಡ ಐತಿ ಇದರಾಗ. ಬೀಗರು ಝಳಕಿಯವರು. ನಿಮ್ಮಪ್ಪ ಭಾಳ ಮನಸಿಟ್ಟ ಮಾಡಿದ್ದ."

ರಂಜನಾ ಕಾರ್ಡನ್ನು ತನ್ನ ಮೊಬೈಲಿಗೆ ಹಾಕಿಕೊಂಡಳು. ಅಪ್ಪನ ಝ ಅದೊಂದರಲ್ಲೇ ಇತ್ತು. ಮೊಬೈಲನ್ನು ಮುದುಕನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ಅವನು ಬಗ್ಗಿ ಎತ್ತಿಕೊಂಡು ಹೋದ.

*

ಮೂರನೆಯ ದಿನ ಸಮಾಧಿಗೆ ಹಾಲು, ತುಪ್ಪ ಬಿಟ್ಟು ಬಂದ ಮೇಲೆ ರಂಜನಾ ಸಿಕ್ಕಷ್ಟು ಅಕ್ಷರಗಳನ್ನು ಸಿಕ್ಕ ಹಾಗೆಯೇ ಜೋಡಿಸಿ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟಳು. ಹೆಸರು ಬಾಯವ್ವ. ಬರೆದವರು ಮಡಿವಾಳೆಪ್ಪ, ಬೈಲಹೊಂಗಲ. ಕರಾರು ಅವನು ಒಪ್ಪಿದ್ದೇ. ಕೇಸು ಹಾಕುವವರಿಗೆ ಸಿಗಲೆಂದು ತನ್ನ ಹೆಸರು, ಮನೆಯ ವಿಳಾಸ ಕೆಳಗೆ ಬರೆದಳು. ಸಿಗದ ಅಕ್ಷರಗಳನ್ನು ತಾನು ಬರೆದು ತುಂಬಲಿಲ್ಲ. ಆ ಜಾಗಗಳನ್ನು ಖಾಲಿ ಬಿಟ್ಟಳು.

ಅಂಕಿಗಳು ಹತ್ತೂ ಸಿಕ್ಕಿದ್ದವು, ಎಲ್ಲ ಕಾರ್ಡಿನಲ್ಲೂ ತಾರೀಖು ಇರುತ್ತದೆ. ಸ್ವರಗಳಲ್ಲಿ ಒಂದು ಹೋಯಿತು. ವ್ಯಂಜನಗಳಲ್ಲಿ ಎರಡು. ಕಾಗುಣಿತದ ರೂಪಗಳಲ್ಲಿ ಎಂಬತ್ತಾರು. ಒತ್ತಕ್ಷರಗಳಲ್ಲಿ ಮೂವತ್ತನಾಲ್ಕು. ಮಡಿವಾಳೆಪ್ಪ ಬರೆದಿದ್ದವು ಒಟ್ಟು ಆರುನೂರ ಹನ್ನೆರಡು. ಹೋದವು ನೂರ ಇಪ್ಪತ್ತಮೂರು.